ಅತ್ಯಾಚಾರದಲ್ಲಿ ಕೆಟ್ಟದ್ದು ಯಾರ ಆಚಾರ?

ವೀರಶೈವ ಧರ್ಮವು ಆಚಾರಪ್ರಧಾನವಾದುದು. ಅಷ್ಟಾವರಣಗಳನ್ನು ಅಂಗವೆಂದೂ ಪಂಚಾಚಾರಗಳನ್ನು ಪ್ರಾಣವೆಂದೂ ಷಟ್‌ಸ್ಥಲಗಳನ್ನು ಆತ್ಮವೆಂದೂ ಹಿರಿಯರು ವಿಂಗಡಿಸಿ ಹೇಳಿರುವರು. ವಿಭೂತಿ ರುದ್ರಾಕ್ಷಿಗಳು ಮೈಮೇಲಿದ್ದೂ ಆಚಾರವಿಲ್ಲದಿದ್ದರೆ ಅದು ಪ್ರಾಣವಿಲ್ಲದ ಅಂಗದಂತೆ ಎಂಬುದು ಇದರ ಅಭಿಪ್ರಾಯ. ಆಚಾರವೆಂದರೇನು? ಒಬ್ಬನು ತಾನೇ ನಡೆದು ತೋರಿಸುವ ನಡೆ. ಅದು ತಂದೆಯಿಂದ ಮಗನಿಗೆ ಆಸ್ತಿಯಂತೆ ಇಳಿದು ಬರುವುದಿಲ್ಲ. ನೆರೆಯವನು ಅದನ್ನು ಕಸಿದುಕೊಂಡು ಹೋಗುವುದೂ ಇಲ್ಲ. ಕಳ್ಳನು ಕನ್ನ ಹಾಕಿದರೆ ಕಳ್ಳನ ಆಚಾರ ಕೆಟ್ಟಿತೇ ಹೊರತು, ಕನ್ನ ಬಿದ್ದ ಮನೆಯ ಯಜಮಾನನ ಆಚಾರ ಕೆಟ್ಟಿತೆಂದು ಯಾರೂ ಹೇಳರು.

ಇಷ್ಟು ಸರಳವಾದ ಮಾತನ್ನು ಒಂದೇ ಒಂದು ವಿಷಯದಲ್ಲಿ ಲೋಕವು ತಲೆಕೆಳಗು ಮಾಡಿಕೊಂಡಿದೆ. ಹೆಣ್ಣುಮಗಳೊಬ್ಬಳ ಮೇಲೆ ಬಲಾತ್ಕಾರ ನಡೆದರೆ ಜನರು ‘ಆಕೆ ಕೆಟ್ಟಳು’ ಎನ್ನುತ್ತಾರೆ. ಕೆಟ್ಟ ಕೆಲಸ ಮಾಡಿದವನು ಒಬ್ಬ, ಕೆಟ್ಟಳೆಂಬ ಹೆಸರು ಮತ್ತೊಬ್ಬಳಿಗೆ! ಈ ವಿಪರೀತವು ಬಳಕೆಯ ಶಬ್ದಗಳಲ್ಲಿಯೂ ಅಡಗಿದೆ. ‘ಮಾನಭಂಗ’ ಎಂಬಲ್ಲಿ ಆಕೆಯದೇನೋ ಮುರಿಯಿತೆಂಬ ಅರ್ಥವಿದೆ. ‘ಶೀಲಹರಣ’ ಎಂಬಲ್ಲಿ ಆಕೆಯದೇನೋ ಅಪಹೃತವಾಯಿತೆಂಬ ಅರ್ಥವಿದೆ. ಎರಡು ಶಬ್ದಗಳಲ್ಲಿಯೂ ಮಾಡಿದವನ ಸುಳಿವೇ ಇಲ್ಲ; ನಷ್ಟವೆಲ್ಲವೂ ಆಕೆಯ ಲೆಕ್ಕಕ್ಕೆ ಬಿದ್ದಿದೆ. ಆದರೆ ‘ಅತ್ಯಾಚಾರ’ ಎಂಬ ಇನ್ನೊಂದು ಶಬ್ದವುಂಟು. ಅತಿ ಮತ್ತು ಆಚಾರ ಎಂಬ ಎರಡು ಪದಗಳು ಕೂಡಿ ಆದ ಈ ಶಬ್ದಕ್ಕೆ ಆಚಾರದ ಎಲ್ಲೆಯನ್ನು ಮೀರಿದ ನಡೆಯೆಂಬುದೇ ಮೂಲಾರ್ಥ. ಇಲ್ಲಿ ದೋಷವು ಮೀರಿದವನ ಮೇಲೆ ನಿಲ್ಲುತ್ತದೆ, ಸಹಿಸಿದವಳ ಮೇಲಲ್ಲ. ನ್ಯಾಯವಾದ ಅರ್ಥವನ್ನು ಶಬ್ದವೇ ಹೇಳುತ್ತಿರುವಾಗ ಮನಸ್ಸು ಮಾತ್ರ ಏಕೆ ಅದಕ್ಕೆ ವಿರುದ್ಧವಾಗಿ ಓಡುತ್ತದೆ, ಶರಣಮಾರ್ಗವು ಈ ಬಗೆಗೆ ಏನನ್ನು ಕಲಿಸುತ್ತದೆ, ಗೃಹಸ್ಥನಾದ ಸದ್ಭಕ್ತನ ಕರ್ತವ್ಯವೇನು ಎಂಬ ಮೂರು ಅಂಶಗಳು ಈ ಪಾಠದಲ್ಲಿ ವಿಚಾರಕ್ಕೆ ಬಂದಿವೆ.

ಎರೆಯ ನಾಡಿನಲ್ಲಿ ಕೇಳಿಬರುವ ಮಾತು

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ೧೯೯೭ರಲ್ಲಿ ಧಾರವಾಡದಿಂದ ಬೇರೆಯಾದ ಗದಗ ಜಿಲ್ಲೆಯ ಈ ಭಾಗದಲ್ಲಿ ಜೋಳ, ಕಡಲೆ, ಹತ್ತಿಗಳ ಹೊಲಗಳಲ್ಲಿ ಕಳೆ ತೆಗೆಯುವವರೂ ಹತ್ತಿ ಬಿಡಿಸುವವರೂ ಹೆಚ್ಚಾಗಿ ಹೆಣ್ಣುಮಕ್ಕಳೇ. ಗಜೇಂದ್ರಗಡದ ನೇಕಾರರ ಮನೆಗಳಲ್ಲಿ ಮಗ್ಗದ ಕೆಲಸಕ್ಕೆ ಹೆಣ್ಣಿನ ಕೈಯೂ ಬೇಕು. ಹಳ್ಳಿಯ ಹುಡುಗಿಯರು ಬಸ್ಸಿನಲ್ಲಿ ತಾಲೂಕಿನ ಊರಿಗೆ ಹೋಗಿ ಓದಿ ಬರುತ್ತಾರೆ. ಇದೇ ಸೀಮೆಯ ಸೂಡಿಯಲ್ಲಿ ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ರಾಜಪುತ್ರಿಯಾದ ಅಕ್ಕಾದೇವಿಯು ಕಿಸುಕಾಡು ನಾಡನ್ನು ಆಳಿದಳೆಂದು ಶಾಸನಗಳು ಸಾರುತ್ತವೆ. ಹೆಣ್ಣು ದುಡಿದ ನೆಲವಿದು, ಹೆಣ್ಣು ಆಳಿದ ನೆಲವೂ ಹೌದು.

ಹೀಗಿದ್ದೂ, ಹೆಣ್ಣಿನ ಮೇಲೆ ಬಲಾತ್ಕಾರವಾದ ಸುದ್ದಿ ಎಲ್ಲಿಂದಲೇ ಬರಲಿ, ಉಳಿದೆಡೆಯಂತೆ ಇಲ್ಲಿಯೂ ಕಟ್ಟೆಯ ಮೇಲೆ ಕುಳಿತವರ ಬಾಯಿಂದ ಮೊದಲು ಹೊರಡುವ ಮಾತು ಇದು: ‘ಅಷ್ಟು ಹೊತ್ತಿನ್ಯಾಗ ಆಕಿ ಅಲ್ಲಿಗೆ ಯಾಕ ಹೋಗಿದ್ಲು?’ ಮನೆಯೊಳಗೆ ತಾಯಿಯ ಬಾಯಿಂದ ಬರುವ ಮಾತು ಇನ್ನೊಂದು ಬಗೆಯದು: ‘ಯಾರ ಮುಂದೂ ಬಾಯಿ ಬಿಡಬ್ಯಾಡವ್ವಾ, ಮನೆತನದ ಮರ್ಯಾದಿ ಹೋಗತೈತಿ.’ ಮೊದಲನೆಯದರಲ್ಲಿ ನಿಂದೆಯಿದೆ, ಎರಡನೆಯದರಲ್ಲಿ ಪ್ರೀತಿಯಿದೆ. ಆದರೂ ಎರಡರ ಫಲ ಒಂದೇ. ನೊಂದವಳು ಸುಮ್ಮನಾಗುತ್ತಾಳೆ, ಮಾಡಿದವನು ತಲೆಯೆತ್ತಿ ತಿರುಗುತ್ತಾನೆ.

ಮುಳ್ಳಿನ ಮೇಲೆ ಸೆರಗು ಬಿದ್ದರೂ, ಸೆರಗಿನ ಮೇಲೆ ಮುಳ್ಳು ಬಿದ್ದರೂ ಹರಿಯುವುದು ಸೆರಗೇ ಎಂಬ ಗಾದೆಯನ್ನು ಅರಿಯದವರಿಲ್ಲ. ಮಗಳಿಗೆ ಎಚ್ಚರ ಹೇಳುವಾಗ ಹಿರಿಯರು ಇದನ್ನು ಆಡುವುದುಂಟು. ಆದರೆ ಅನಾಹುತವಾದ ಬಳಿಕ ಇದೇ ಗಾದೆ ತೀರ್ಪಾಗಿ ಮಾರ್ಪಡುತ್ತದೆ. ವಿಚಾರಿಸಿ ನೋಡಿದರೆ ಈ ಹೋಲಿಕೆಯಲ್ಲಿ ಒಂದು ದೊಡ್ಡ ದೋಷವಿದೆ. ಮುಳ್ಳಿಗೆ ಮನಸ್ಸಿಲ್ಲ, ವಿವೇಕವಿಲ್ಲ. ಹರಿಯಬೇಕೋ ಬೇಡವೋ ಎಂದು ಅದು ಆಲೋಚಿಸಲಾರದು. ಗಂಡಸಿಗೆ ಮನಸ್ಸಿದೆ, ವಿವೇಕವಿದೆ. ಅವನನ್ನು ಮುಳ್ಳೆಂದು ಕರೆದರೆ ಅವನ ಹೊಣೆಯನ್ನು ತೆಗೆದುಹಾಕಿದಂತೆಯೇ ಸರಿ. ಇಂದ್ರಿಯನಿಗ್ರಹವು ಮನುಷ್ಯನಿಗೆ ಸಾಧ್ಯವೆಂಬ ನಂಬಿಕೆಯ ಮೇಲೆಯೇ ಶರಣರ ಸಾಧನೆಯೆಲ್ಲ ನಿಂತಿದೆ. ಅದು ಸಾಧ್ಯವಿಲ್ಲವೆನ್ನುವ ಗಾದೆಗೆ ಆ ಮಾರ್ಗದಲ್ಲಿ ಎಡೆಯೆಲ್ಲಿ?

‘ಅಲ್ಲಿಗೆ ಯಾಕೆ ಹೋಗಿದ್ದಳು’ ಎಂಬ ಪ್ರಶ್ನೆಗೆ ಅಂಕಿಸಂಖ್ಯೆಗಳೇ ಉತ್ತರ ಹೇಳುತ್ತವೆ. ೨೦೨೧ರಲ್ಲಿ ಭಾರತದಲ್ಲಿ ದಾಖಲಾದ ಅತ್ಯಾಚಾರದ ಪ್ರಕರಣಗಳು ೩೧,೬೭೭. ಅವುಗಳಲ್ಲಿ ನೂರಕ್ಕೆ ೯೬ಕ್ಕಿಂತ ಹೆಚ್ಚಿನವುಗಳಲ್ಲಿ ಆಪಾದಿತನು ಆಕೆಗೆ ಗುರುತಿನವನೇ ಆಗಿದ್ದನೆಂದು ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ವರದಿ ತಿಳಿಸುತ್ತದೆ. ನೆಂಟ, ನೆರೆಯವ, ಗೆಳೆಯ, ಕೆಲಸ ಕೊಟ್ಟವ, ಇಂಥವರೇ ಹೆಚ್ಚು. ಅಪರಿಚಿತನು ಕತ್ತಲಲ್ಲಿ ಹೊಂಚುಹಾಕುವನೆಂಬ ಚಿತ್ರವು ಹೆಚ್ಚಿನ ಪ್ರಕರಣಗಳಿಗೆ ಹೊಂದುವುದಿಲ್ಲ. ಅನೇಕ ವೇಳೆ ‘ಅಲ್ಲಿ’ ಎಂಬುದು ಆಕೆಯ ಮನೆಯೇ ಆಗಿರುತ್ತದೆ, ಹಗಲು ದುಡಿಯುವ ಹೊಲವೇ ಆಗಿರುತ್ತದೆ. ಅಲ್ಲಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

ಮನಸ್ಸು ನಿಂದೆಯ ಕಡೆಗೆ ಓಡುವುದೇಕೆ?

ನಿಂದಿಸುವವರೆಲ್ಲರೂ ಕ್ರೂರಿಗಳಲ್ಲ. ಅವರಲ್ಲಿ ದಯಾವಂತರೂ ದೈವಭಕ್ತರೂ ಇರುತ್ತಾರೆ. ಹಾಗಾದರೆ ಕಾರಣವೇನು? ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ೧೯೬೬ರಲ್ಲಿ ಅಮೆರಿಕದ ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ ಎಂಬ ವಿದ್ವಾಂಸರು ಒಂದು ಪ್ರಯೋಗದ ಫಲವನ್ನು ಪ್ರಕಟಿಸಿದರು. ಪಾಠದಲ್ಲಿ ತಪ್ಪು ಮಾಡಿದಾಗಲೆಲ್ಲ ವಿದ್ಯುತ್ತಿನ ಆಘಾತಕ್ಕೆ ಒಳಗಾಗುತ್ತಿರುವಂತೆ ತೋರುವ ಯುವತಿಯೊಬ್ಬಳನ್ನು ಇತರ ವಿದ್ಯಾರ್ಥಿನಿಯರು ನೋಡುವಂತೆ ಅವರು ಏರ್ಪಡಿಸಿದ್ದರು. ಆಘಾತವು ನಿಜವಾದುದಲ್ಲ, ಆದರೆ ನೋಡುವವರು ನಿಜವೆಂದೇ ನಂಬಿದ್ದರು. ಆಕೆಯನ್ನು ಆ ಹಿಂಸೆಯಿಂದ ಬಿಡಿಸುವ ಅವಕಾಶ ದೊರೆತವರಲ್ಲಿ ಬಹುಮಂದಿ ಬಿಡಿಸಿದರು. ಅವರ ಮನಸ್ಸಿನಲ್ಲಿ ಆಕೆಯ ಬಗೆಗೆ ಒಳ್ಳೆಯ ಭಾವನೆಯೇ ಉಳಿಯಿತು. ಹಿಂಸೆ ಮುಂದುವರಿಯುವುದೆಂದೂ ತಮ್ಮಿಂದ ಏನೂ ಆಗದೆಂದೂ ತಿಳಿದವರು ಮಾತ್ರ ಆಕೆಯನ್ನು ಕೀಳಾಗಿ ಎಣಿಸತೊಡಗಿದರು.

ಇದರ ತಾತ್ಪರ್ಯವು ಗಂಭೀರವಾದುದು. ಲೋಕದಲ್ಲಿ ಒಳ್ಳೆಯವರಿಗೆ ಒಳ್ಳೆಯದೇ ಆಗುತ್ತದೆಂದು ಮನುಷ್ಯನು ನಂಬಿ ಬದುಕುತ್ತಾನೆ. ನಿರಪರಾಧಿಯು ನೊಂದದ್ದನ್ನು ಕಂಡಾಗ ಆ ನಂಬಿಕೆ ಅಲುಗಾಡುತ್ತದೆ. ‘ನನ್ನ ಮಗಳಿಗೂ ಹೀಗಾಗಬಹುದು’ ಎಂಬ ಭಯ ಹುಟ್ಟುತ್ತದೆ. ಆ ಭಯದಿಂದ ಪಾರಾಗಲು ಮನಸ್ಸು ಒಂದು ಅಡ್ಡದಾರಿ ಹುಡುಕುತ್ತದೆ: ‘ಆಕೆ ಏನೋ ತಪ್ಪು ಮಾಡಿರಬೇಕು, ನನ್ನ ಮಗಳು ಅಂಥವಳಲ್ಲ.’ ಹೀಗೆ ನಿಂದೆಯು ಹೇಡಿತನದ ಒಂದು ರೂಪವಾಗುತ್ತದೆ. ನೆರವಾಗುವ ದಾರಿಯನ್ನು ಅರಿತವನಿಗೆ ನಿಂದಿಸುವ ಅಗತ್ಯ ಕಡಿಮೆಯಾಗುತ್ತದೆಂಬ ಪಾಠವೂ ಆ ಪ್ರಯೋಗದಲ್ಲಿಯೇ ಇದೆ. ಅದನ್ನು ನೆನಪಿನಲ್ಲಿಟ್ಟುಕೊಳ್ಳತಕ್ಕದ್ದು, ಈ ಪಾಠದ ಕೊನೆಯ ಭಾಗಕ್ಕೆ ಅದೇ ಆಧಾರ.

ಎರಡನೆಯ ಕಾರಣವು ಬಲಪ್ರಯೋಗದ ರೂಢಿ. ೧೯೮೦ರಲ್ಲಿ ಮಾರ್ಥಾ ಬರ್ಟ್ ಎಂಬ ವಿದುಷಿ ಅಮೆರಿಕದ ಮಿನೆಸೋಟ ರಾಜ್ಯದ ೫೯೮ ಜನರನ್ನು ಪ್ರಶ್ನಿಸಿ, ಅತ್ಯಾಚಾರದ ಬಗೆಗಿನ ಮಿಥ್ಯೆಗಳನ್ನು ಯಾರು ಹೆಚ್ಚಾಗಿ ನಂಬುತ್ತಾರೆಂದು ಪರಿಶೀಲಿಸಿದಳು. ಗಂಡುಹೆಣ್ಣಿನ ಸಂಬಂಧದಲ್ಲಿ ಬಲಪ್ರಯೋಗವು ಸಹಜವೆಂದು ಎಣಿಸುವವರೇ ಅಂಥ ಮಿಥ್ಯೆಗಳನ್ನೂ ಹೆಚ್ಚಾಗಿ ನಂಬುವರೆಂದು ಕಂಡುಬಂದಿತು. ಈ ಮಾತು ಕನ್ನಡನಾಡಿಗೂ ಅನ್ವಯಿಸುತ್ತದೆ. ೨೦೧೯ರಿಂದ ೨೦೨೧ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಯಾವುದಾದರೂ ಒಂದು ಕಾರಣಕ್ಕೆ ಗಂಡನು ಹೆಂಡತಿಯನ್ನು ಹೊಡೆಯುವುದು ಸರಿಯೆಂದು ಹೇಳಿದವರು ಕರ್ನಾಟಕದ ಗಂಡಸರಲ್ಲಿ ನೂರಕ್ಕೆ ೮೨ರಷ್ಟು, ಹೆಂಗಸರಲ್ಲಿ ನೂರಕ್ಕೆ ೭೭ರಷ್ಟು. ಸಮೀಕ್ಷೆಯವರು ಮುಂದಿಟ್ಟ ಏಳು ಕಾರಣಗಳಲ್ಲಿ ಒಂದು, ಹೆಂಡತಿಯು ಗಂಡನ ಸಹವಾಸಕ್ಕೆ ಒಪ್ಪದಿರುವುದು. ಮನೆಯೊಳಗೆ ‘ಒಲ್ಲೆ’ ಎಂಬ ಮಾತಿಗೆ ಬೆಲೆಯಿಲ್ಲವೆಂದು ಬಾಲ್ಯದಿಂದ ಕಂಡ ಹುಡುಗನು ಹೊರಗೆ ಆ ಮಾತಿಗೆ ಬೆಲೆ ಕೊಡುವನೆಂದು ನಿರೀಕ್ಷಿಸುವುದು ಹೇಗೆ?

ಮೂರನೆಯ ಕಾರಣವು ಮೇಲುಕೀಳೆಂಬ ಭಾವನೆ. ಯಾರ ಮಾನಕ್ಕೆ ಎಷ್ಟು ಬೆಲೆಯೆಂದು ಸಮಾಜವು ಜಾತಿಯನ್ನೂ ಸಂಪತ್ತನ್ನೂ ನೋಡಿ ನಿರ್ಣಯಿಸುತ್ತದೆ. ಸವದತ್ತಿಯ ಯಲ್ಲಮ್ಮನ ಗುಡ್ಡವು ನರಗುಂದಕ್ಕೆ ದೂರವಿಲ್ಲ. ಬಡ ದಲಿತ ಕುಟುಂಬಗಳ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಡುವ ಪದ್ಧತಿಯು ಉತ್ತರ ಕರ್ನಾಟಕದಲ್ಲಿ ಬಹುಕಾಲ ನಡೆಯಿತು. ಅರಿಯದ ವಯಸ್ಸಿನ ಹುಡುಗಿಯನ್ನು ದೇವರ ಹೆಸರಿನಲ್ಲಿ ಊರಿನ ಉಳ್ಳವರ ಭೋಗಕ್ಕೆ ಒಪ್ಪಿಸಿದ್ದನ್ನು ಯಾರೂ ಬಲಾತ್ಕಾರವೆಂದು ಕರೆಯಲಿಲ್ಲ, ಪದ್ಧತಿಯೆಂದು ಕರೆದರು. ೧೯೮೨ರಲ್ಲಿ ಕರ್ನಾಟಕ ಶಾಸನಸಭೆಯು ಇದನ್ನು ನಿಷೇಧಿಸಿ ಕಾನೂನು ಮಾಡಿತು. ಆದರೆ ‘ಅಂಥವಳಿಗೆ ಮಾನವೆಲ್ಲಿಯದು’ ಎಂಬ ನುಡಿಯು ಕಾನೂನಿನಿಂದ ಮಾತ್ರ ಅಳಿಯುವುದಿಲ್ಲ. ಕೂಲಿಗೆ ಹೋಗುವವಳ ದೂರು, ಗೋವೆಯ ಕಡೆ ದುಡಿಯಲು ಹೋಗಿ ಬಂದವಳ ದೂರು, ಗಂಡನನ್ನು ಬಿಟ್ಟವಳ ದೂರು ಹಗುರವಾಗಿ ಕಾಣುವುದಕ್ಕೆ ಈ ಭಾವನೆಯೇ ಮೂಲ.

ಶರೀರದ ಬಗೆಗಿನ ಅಜ್ಞಾನ

ನಾಲ್ಕನೆಯ ಕಾರಣವು ಅಜ್ಞಾನ. ‘ನಿಜವಾಗಿಯೂ ಒಲ್ಲದವಳು ಕೂಗದೆ ಇರುವಳೆ? ಕಚ್ಚದೆ ಪರಚದೆ ಇರುವಳೆ?’ ಎಂದು ಕೇಳುವವರುಂಟು. ಹುಲಿಯನ್ನು ಕಂಡ ಜಿಂಕೆಯು ಓಡಲೂ ಆಗದೆ ನಿಂತಲ್ಲಿಯೇ ಮರಗಟ್ಟಿ ನಿಲ್ಲುವಂತೆ, ಮಹಾಭಯದಲ್ಲಿ ಮನುಷ್ಯಶರೀರವೂ ಮರಗಟ್ಟುತ್ತದೆ. ಕೈಕಾಲು ಆಡುವುದಿಲ್ಲ, ಧ್ವನಿ ಹೊರಡುವುದಿಲ್ಲ. ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ಅತ್ಯಾಚಾರಕ್ಕೆ ಒಳಗಾಗಿ ಚಿಕಿತ್ಸಾಲಯಕ್ಕೆ ಬಂದ ೨೯೮ ಸ್ತ್ರೀಯರನ್ನು ವೈದ್ಯರು ವಿಚಾರಿಸಿ ೨೦೧೭ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೂರಕ್ಕೆ ೭೦ ಜನರಲ್ಲಿ ಈ ಸ್ತಂಭನವು ಗಣನೀಯವಾಗಿ ಉಂಟಾಗಿದ್ದಿತೆಂದು ತಿಳಿದುಬಂದಿತು. ಆದುದರಿಂದ ಕೂಗದಿರುವುದು ಒಪ್ಪಿಗೆಯಲ್ಲ; ಅದು ಭೀತಿಯ ಪರಾಕಾಷ್ಠೆ.

ಈ ಅಜ್ಞಾನವು ಹಳ್ಳಿಯ ಕಟ್ಟೆಗೆ ಮಾತ್ರ ಸೀಮಿತವಾದುದಲ್ಲವೆಂಬುದನ್ನು ಮನಗಾಣಬೇಕು. ೧೯೭೨ರಲ್ಲಿ ಮಹಾರಾಷ್ಟ್ರದ ಒಂದು ಪೊಲೀಸ್ ಠಾಣೆಯಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರವಾಯಿತೆಂಬ ಮೊಕದ್ದಮೆಯಲ್ಲಿ, ಮೈಮೇಲೆ ಗಾಯದ ಗುರುತುಗಳಿಲ್ಲವೆಂಬುದನ್ನೂ ಮುಂದೆ ಮಾಡಿ ಸರ್ವೋಚ್ಚ ನ್ಯಾಯಾಲಯವು ೧೯೭೮ರಲ್ಲಿ ಆಪಾದಿತರನ್ನು ಬಿಡುಗಡೆ ಮಾಡಿತು. ೧೯೭೯ರಲ್ಲಿ ನಾಲ್ವರು ಕಾನೂನು ಪ್ರಾಧ್ಯಾಪಕರು ಆ ತೀರ್ಪನ್ನು ಖಂಡಿಸಿ ಬಹಿರಂಗ ಪತ್ರ ಬರೆದರು. ದೇಶದಲ್ಲೆಲ್ಲ ಚಳವಳಿಯಾಗಿ ೧೯೮೩ರಲ್ಲಿ ಕಾನೂನು ತಿದ್ದುಪಡಿಯಾಯಿತು. ದೇಹದಿಂದ ಪ್ರತಿಭಟಿಸಲಿಲ್ಲವೆಂಬ ಮಾತ್ರಕ್ಕೆ ಒಪ್ಪಿಗೆಯಿತ್ತೆಂದು ಭಾವಿಸಕೂಡದೆಂದು ಕಾನೂನಿನಲ್ಲಿ ಸ್ಪಷ್ಟವಾಗಿ ಬರೆಯಲು ೨೦೧೩ರವರೆಗೆ ಕಾಯಬೇಕಾಯಿತು.

ಕರ್ನಾಟಕದಲ್ಲಿಯೇ ನಡೆದ ಸಂಗತಿಯೊಂದು ಇನ್ನೂ ಹತ್ತಿರದ್ದು. ೨೦೨೦ರ ಜೂನ್ ತಿಂಗಳಲ್ಲಿ ಉಚ್ಚ ನ್ಯಾಯಾಲಯವು ಒಂದು ಪ್ರಕರಣದಲ್ಲಿ ಆಪಾದಿತನಿಗೆ ನಿರೀಕ್ಷಣಾ ಜಾಮೀನು ನೀಡುವಾಗ, ಕೃತ್ಯದ ಬಳಿಕ ತಾನು ದಣಿದು ನಿದ್ದೆ ಹೋದೆನೆಂದು ದೂರುದಾರಳು ಹೇಳಿದ್ದನ್ನು ಎತ್ತಿಕೊಂಡು, ಅದು ಭಾರತೀಯ ನಾರಿಗೆ ತಕ್ಕ ನಡತೆಯಲ್ಲವೆಂಬ ಅರ್ಥದ ಮಾತನ್ನು ಆಜ್ಞೆಯಲ್ಲಿ ಬರೆಯಿತು. ದೇಶದ ನಾನಾ ಕಡೆಗಳಿಂದ ಆಕ್ಷೇಪಣೆಗಳು ಬಂದವು. ಕೆಲವೇ ದಿನಗಳಲ್ಲಿ ನ್ಯಾಯಾಲಯವು ಆ ಮಾತನ್ನು ತನ್ನ ಆಜ್ಞೆಯಿಂದ ತೆಗೆದುಹಾಕಿತು. ವಿದ್ಯಾವಂತರ ಲೇಖನಿಯಲ್ಲಿಯೂ ರೂಢಿಯು ಮಾತಾಡಬಲ್ಲದೆಂಬುದಕ್ಕೂ, ಆಡಿದ ಮಾತನ್ನು ತಿದ್ದಿಕೊಳ್ಳುವುದು ಸಾಧ್ಯವೆಂಬುದಕ್ಕೂ ಇದು ನಿದರ್ಶನ. ೨೦೨೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ನ್ಯಾಯಾಧೀಶರಿಗಾಗಿ ಒಂದು ಕೈಪಿಡಿಯನ್ನೇ ಹೊರಡಿಸಿ, ನೊಂದವರೆಲ್ಲರೂ ಒಂದೇ ರೀತಿಯಲ್ಲಿ ನಡೆದುಕೊಳ್ಳುವುದಿಲ್ಲವೆಂದು ತಿಳಿಸಿತು. ಒಬ್ಬಳು ಅಳುತ್ತಾಳೆ; ಒಬ್ಬಳು ಕಲ್ಲಿನಂತೆ ಕೂಡುತ್ತಾಳೆ; ಮತ್ತೊಬ್ಬಳು ಮರುದಿನವೇ ಎಂದಿನಂತೆ ಹೊಲದ ಕೆಲಸಕ್ಕೆ ಹೋಗುತ್ತಾಳೆ. ಅವಳು ಅಳಲಿಲ್ಲವೆಂದು ಅವಳ ಮಾತು ಸುಳ್ಳಾಗದು.

ಶರಣರು ಕಂಡ ಹೆಣ್ಣು

ಇನ್ನು ಶರಣಮಾರ್ಗವನ್ನು ನೋಡೋಣ. ಲಿಂಗದೀಕ್ಷೆಯು ಗಂಡಿಗೂ ಹೆಣ್ಣಿಗೂ ಸಮಾನ. ಗಂಡಸಿನ ಅಂಗದ ಮೇಲೆ ನೆಲೆಗೊಂಡ ಲಿಂಗವೇ ಹೆಣ್ಣಿನ ಅಂಗದ ಮೇಲೆಯೂ ನೆಲೆಗೊಂಡಿದೆ. ಹೀಗಿರಲು ಆಕೆಯ ಶರೀರವು ಮನೆತನದ ಸೊತ್ತಲ್ಲ, ಗಂಡನ ಸೊತ್ತೂ ಅಲ್ಲ. ಅದು ಲಿಂಗದ ನೆಲೆ. ಅದರ ಮೇಲೆ ಕೈಮಾಡಿದವನು ಲಿಂಗಕ್ಕೆ ದ್ರೋಹ ಮಾಡಿದವನು. ಗುಡಿಗೆ ಕಲ್ಲೆಸೆದರೆ ಗುಡಿಯ ಪಾವಿತ್ರ್ಯ ಹೋಗುವುದಿಲ್ಲ. ಎಸೆದವನ ಕೈ ಪಾಪಕ್ಕೆ ಒಳಗಾಗುತ್ತದೆ.

ಶರಣರು ಜಾತಿ, ಜನನ, ಮರಣ, ರಜಸ್ಸು, ಉಚ್ಛಿಷ್ಟ ಎಂಬ ಐದು ಸೂತಕಗಳನ್ನು ಅಲ್ಲಗಳೆದರು. ಶರೀರದ ಸಹಜಧರ್ಮದಿಂದ ಹೆಣ್ಣಿಗೆ ಮೈಲಿಗೆಯಿಲ್ಲವೆಂದು ಅವರು ಸಾರಿದ ಮೇಲೆ, ಮತ್ತೊಬ್ಬನ ಪಾಪದಿಂದ ಆಕೆಗೆ ಮೈಲಿಗೆಯಾಗುವುದೆಂತು? ‘ಕೆಟ್ಟವಳು’ ಎಂಬ ಮಾತು ಅಲ್ಲಗಳೆದ ಸೂತಕವನ್ನು ಹಿಂದಿನ ಬಾಗಿಲಿನಿಂದ ಮತ್ತೆ ಮನೆಯೊಳಗೆ ತಂದಂತೆ. ಲಿಂಗವಂತನ ಮನೆಯಲ್ಲಿ ಅದಕ್ಕೆ ಜಾಗವಿರಬಾರದು.

ಉಡುತಡಿಯ ಮಹಾದೇವಿಯಕ್ಕನ ಚರಿತ್ರೆಯನ್ನು ಈ ದೃಷ್ಟಿಯಿಂದ ಮನನ ಮಾಡಬೇಕು. ಆಕೆಯನ್ನು ಕಂಡು ಮೋಹಿಸಿದವನು ಕೌಶಿಕ ರಾಜ. ಹರಿಹರ ಕವಿಯ ರಗಳೆಯಲ್ಲಿ ಬರುವಂತೆ ಅಕ್ಕನು ತನ್ನ ಲಿಂಗಪೂಜೆಗೂ ಶರಣರ ಸಂಗಕ್ಕೂ ಅಡ್ಡಿ ಬಾರದಿರಬೇಕೆಂದು ಕಟ್ಟಳೆಗಳನ್ನು ವಿಧಿಸಿದಳು. ರಾಜನು ಅವುಗಳನ್ನು ಮೀರಿದಾಗ ಅರಮನೆಯನ್ನು ತೊರೆದು ನಡೆದಳು. ಚರಿತ್ರೆಯನ್ನು ಭಕ್ತಿಯಿಂದ ಓದುವವರಾರೂ ‘ಆಕೆ ರಾಜನ ಕಣ್ಣಿಗೆ ಏಕೆ ಬಿದ್ದಳು’ ಎಂದು ಕೇಳುವುದಿಲ್ಲ. ದೋಷವು ಕೌಶಿಕನ ಕಣ್ಣಿನಲ್ಲಿತ್ತೆಂದು ಎಲ್ಲರೂ ಒಪ್ಪುತ್ತಾರೆ. ಪುರಾಣದ ಅಕ್ಕನಿಗೆ ಸಲ್ಲುವ ನ್ಯಾಯವು ಪಕ್ಕದ ಮನೆಯ ಮಗಳಿಗೆ ಸಲ್ಲಬೇಡವೆ?

ಇಲ್ಲಿ ಒಂದು ಸಂದೇಹ ಹುಟ್ಟಬಹುದು. ಕಲ್ಯಾಣದಲ್ಲಿ ಅಲ್ಲಮಪ್ರಭುವೇ ಅಕ್ಕನನ್ನು ಕಠಿಣವಾಗಿ ಪ್ರಶ್ನಿಸಲಿಲ್ಲವೆ? ಪತಿಯ ವಿಚಾರವನ್ನೂ ದೇಹವನ್ನು ಮರೆಮಾಡಿದ ಕೂದಲಿನ ವಿಚಾರವನ್ನೂ ಎತ್ತಲಿಲ್ಲವೆ? ಶೂನ್ಯಸಂಪಾದನೆಯಲ್ಲಿ ಈ ಪ್ರಸಂಗವಿರುವುದು ನಿಜ. ಆದರೆ ಆ ಪ್ರಶ್ನೆಗಳ ಉದ್ದೇಶವು ಆಕೆಯ ಅರಿವನ್ನು ಎಲ್ಲರೆದುರಿಗೆ ಬೆಳಗಿಸುವುದು, ಆಕೆಯನ್ನು ಕುಗ್ಗಿಸುವುದಲ್ಲ. ಉತ್ತರ ಹೇಳಲು ಆಕೆಗೆ ಪೂರ್ಣ ಅವಕಾಶವಿತ್ತು. ಉತ್ತರವನ್ನು ಕೇಳಿದ ಬಳಿಕ ಆ ಮಹಾಸಭೆಯು ಆಕೆಗೆ ತಲೆಬಾಗಿತು. ವಯಸ್ಸಿನಲ್ಲಿ ಕಿರಿಯಳಾದವಳನ್ನು ಹಿರಿಯರೆಲ್ಲ ‘ಅಕ್ಕ’ ಎಂದು ಕರೆದರು. ಮೊದಲೇ ತೀರ್ಪು ಬರೆದಿಟ್ಟುಕೊಂಡು ಕೇಳುವ ಪ್ರಶ್ನೆಗೂ, ಉತ್ತರದಿಂದ ತಾನು ಕಲಿಯುವೆನೆಂದು ಕೇಳುವ ಪ್ರಶ್ನೆಗೂ ಅಜಗಜಾಂತರವಿದೆ.

ಇನ್ನೊಂದು ನಿದರ್ಶನ ಸೂಳೆ ಸಂಕವ್ವೆಯದು. ಗಣಿಕಾವೃತ್ತಿಯ ಹಿನ್ನೆಲೆಯಿಂದ ಬಂದ ಈ ಶರಣೆಯ ಒಂದು ವಚನ ಉಳಿದುಬಂದಿದೆ. ಆಕೆಯ ಅಂಕಿತ ನಿರ್ಲಜ್ಜೇಶ್ವರ. ಹಿಂದಿನ ಬದುಕಿನ ಕಾರಣದಿಂದ ಆಕೆಯ ನುಡಿಗೆ ಬೆಲೆಯಿಲ್ಲವೆಂದು ಶರಣರು ಹೇಳಲಿಲ್ಲ. ತಮ್ಮ ನುಡಿಗಳ ಜತೆಗೆ ಅದನ್ನೂ ಉಳಿಸಿಕೊಂಡರು. ಇದಕ್ಕೆ ಪ್ರತಿಯಾಗಿ, ೧೮೭೨ರ ಸಾಕ್ಷ್ಯ ಕಾಯಿದೆಯು ಅತ್ಯಾಚಾರದ ಮೊಕದ್ದಮೆಯಲ್ಲಿ ದೂರು ಕೊಟ್ಟವಳು ನಡತೆಗೆಟ್ಟವಳೆಂದು ತೋರಿಸಿ ಅವಳ ಸಾಕ್ಷ್ಯವನ್ನು ಹೀಗಳೆಯಲು ಅವಕಾಶ ಕೊಟ್ಟಿತ್ತು. ಆ ಅಂಶವು ರದ್ದಾದದ್ದು ೨೦೦೨ರ ತಿದ್ದುಪಡಿಯಿಂದ. ಹನ್ನೆರಡನೆಯ ಶತಮಾನದ ಅನುಭವಮಂಟಪಕ್ಕೆ ತಿಳಿದಿದ್ದ ನ್ಯಾಯವು ನ್ಯಾಯಾಲಯದ ಪುಸ್ತಕಕ್ಕೆ ಬರಲು ಇಷ್ಟು ಕಾಲ ಹಿಡಿಯಿತು.

ಸದ್ಭಕ್ತನ ಕರ್ತವ್ಯ

ಪಂಚಾಚಾರಗಳಲ್ಲಿ ಮೂರು ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಭೃತ್ಯಾಚಾರವೆಂದರೆ ವಿನಯ, ನೊಂದವಳ ಮುಂದೆ ತಾನು ನ್ಯಾಯಾಧೀಶನೆಂದು ಕೂಡದೆ, ಸೇವಕನಾಗಿ ಕಿವಿಗೊಡುವುದು. ಶಿವಾಚಾರವೆಂದರೆ ಭೇದವೆಣಿಸದಿರುವುದು, ದಲಿತಳ ಕಣ್ಣೀರಿಗೂ ದೇಸಾಯರ ಮನೆಯವಳ ಕಣ್ಣೀರಿಗೂ ಒಂದೇ ಬೆಲೆ ಕೊಡುವುದು. ಗಣಾಚಾರವೆಂದರೆ ಅನ್ಯಾಯವನ್ನು ಕಂಡು ಸುಮ್ಮನಿರದಿರುವುದು. ಆಪಾದಿತನು ಊರ ಹಿರಿಯನಾಗಲಿ, ಸ್ವಂತ ಬಂಧುವಾಗಲಿ, ಕಡೆಗೆ ಗುರುಸ್ಥಾನದಲ್ಲಿರುವವನೇ ಆಗಲಿ, ಸತ್ಯದ ವಿಚಾರಣೆಗೆ ಅಡ್ಡಬಾರದಿರುವುದು. ಪೀಠಕ್ಕೆ ಗೌರವ ಬರುವುದು ಆಚಾರದಿಂದ. ಆಚಾರಕ್ಕೆ ಪೀಠದ ಮರೆ ಬೇಕಿಲ್ಲ.

ಹೀಗೆಂದ ಮಾತ್ರಕ್ಕೆ ದೂರು ಬಂದೊಡನೆ ಆಪಾದಿತನನ್ನು ಅಪರಾಧಿಯೆಂದು ಸಾರಬೇಕೆಂದಲ್ಲ. ತಪ್ಪಿತಸ್ಥನಾರೆಂದು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಮಗಳು ಬಾಯಿಬಿಟ್ಟಾಗ ಕೇಳುವುದು, ನಂಬಿಕೆಯಿಂದ ನಡೆಸಿಕೊಳ್ಳುವುದು, ವಿಚಾರಣೆಯ ಬಾಗಿಲಿನವರೆಗೆ ಜತೆಗೆ ಹೋಗುವುದು ಮನೆಯವರ ಕೆಲಸ. ಇವೆರಡನ್ನೂ ಬೆರೆಸಬಾರದು.

ಮೊದಲ ಮಾತು ಮುಖ್ಯವಾದುದು. ದೇಹದ ಹಿಂಸೆಯನ್ನೋ ಲೈಂಗಿಕ ಹಿಂಸೆಯನ್ನೋ ಅನುಭವಿಸಿದ ಭಾರತದ ಸ್ತ್ರೀಯರಲ್ಲಿ ನೂರಕ್ಕೆ ೭೭ ಜನರು ಅದನ್ನು ಯಾರಿಗೂ ಹೇಳದೆ, ಯಾರ ನೆರವನ್ನೂ ಬೇಡದೆ ಉಳಿದರೆಂದು ಮೇಲೆ ಹೇಳಿದ ಸಮೀಕ್ಷೆಯೇ ತಿಳಿಸುತ್ತದೆ. ಹೀಗಿರುವಾಗ ಬಾಯಿಬಿಟ್ಟವಳು ದೊಡ್ಡ ಧೈರ್ಯ ಮಾಡಿದವಳು. ಅವಳಿಗೆ ಹೇಳಬೇಕಾದ ಮಾತು ಇಷ್ಟೇ: ‘ಇದರಾಗ ನಿನ್ನ ತಪ್ಪೇನೂ ಇಲ್ಲವ್ವಾ. ನೀ ಹೇಳಿದ್ದು ಛಲೋ ಆತು. ನಾವು ನಿನ್ನ ಕೂಡ ಅದೇವಿ.’ ‘ಯಾಕ ಹೋಗಿದ್ದಿ’ ಎಂಬ ಪ್ರಶ್ನೆಯನ್ನು ನುಂಗಿಕೊಳ್ಳಬೇಕು.

ನೆರವಿನ ದಾರಿ ತಿಳಿದವನು ನಿಂದಿಸಲಾರನೆಂದು ಹಿಂದೆ ಹೇಳಿದೆಯಷ್ಟೆ. ಆದುದರಿಂದ ಪ್ರತಿಯೊಬ್ಬ ಗೃಹಸ್ಥನೂ ಈ ದಾರಿಗಳನ್ನು ಅರಿತಿರತಕ್ಕದ್ದು. ಸರಕಾರಿಯೇ ಆಗಲಿ ಖಾಸಗಿಯೇ ಆಗಲಿ, ಯಾವ ಆಸ್ಪತ್ರೆಯವರೂ ಇಂಥ ಸಂದರ್ಭದಲ್ಲಿ ಉಚಿತವಾಗಿ ಪ್ರಥಮ ಚಿಕಿತ್ಸೆ ಮಾಡಲೇಬೇಕು. ಸ್ನಾನ ಮಾಡುವ ಮೊದಲೇ, ಉಟ್ಟ ಬಟ್ಟೆಗಳನ್ನು ಒಗೆಯದೆ ಕಾಯ್ದಿಟ್ಟುಕೊಂಡು ಆಸ್ಪತ್ರೆಗೆ ಹೋದರೆ ಸಾಕ್ಷ್ಯ ಉಳಿಯುತ್ತದೆ. ತಡವಾಗಿದ್ದರೂ ಹೋಗುವುದೇ ಲೇಸು. ಘಟನೆ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು; ನೊಂದವಳ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ತುರ್ತಿಗೆ ೧೧೨, ಮಹಿಳೆಯರ ಸಹಾಯಕ್ಕೆ ೧೮೧, ಮಕ್ಕಳಿಗೆ ೧೦೯೮ ಎಂಬ ದೂರವಾಣಿ ಸಂಖ್ಯೆಗಳಿವೆ. ಚಿಕಿತ್ಸೆ, ಸಲಹೆ, ಕಾನೂನಿನ ನೆರವುಗಳನ್ನು ಒಂದೆಡೆ ಒದಗಿಸುವ ‘ಸಖಿ’ ಕೇಂದ್ರಗಳಿವೆ. ೧೯೮೭ರ ಕಾನೂನಿನಂತೆ ಹೆಣ್ಣುಮಕ್ಕಳಿಗೆ ವಕೀಲರ ನೆರವು ಉಚಿತ. ನೊಂದವಳ ಹೆಸರನ್ನು ಪ್ರಕಟಿಸುವುದು ಅಪರಾಧವಾದ್ದರಿಂದ, ದೂರು ಕೊಟ್ಟರೆ ಊರೆಲ್ಲ ಹೆಸರು ಹರಡುವುದೆಂಬ ಅಂಜಿಕೆಗೆ ಕಾನೂನೇ ತಡೆಯೊಡ್ಡಿದೆ. ಊರಿನವರೂ ಬಾಯಿಗೆ ಬೀಗ ಹಾಕಿಕೊಂಡು ಆ ತಡೆಯನ್ನು ಕಾಯಬೇಕು.

ಹದಿನೆಂಟು ತುಂಬದವರ ವಿಷಯದಲ್ಲಿ ೨೦೧೨ರ ಪೋಕ್ಸೋ ಕಾಯಿದೆಯಂತೆ, ಕೃತ್ಯ ನಡೆದುದನ್ನು ತಿಳಿದವರು ವರದಿ ಮಾಡದಿದ್ದರೆ ಅದೂ ಶಿಕ್ಷಾರ್ಹ. ‘ಮನೆತನದ ಮರ್ಯಾದೆ’ಯ ಹೆಸರಿನಲ್ಲಿ ಹಿರಿಯರು ಕೂಡಿ ದಂಡ ಹಾಕಿ ಮುಗಿಸುವುದು, ಇಲ್ಲವೆ ಮಾಡಿದವನಿಗೇ ಹುಡುಗಿಯನ್ನು ಕೊಟ್ಟು ಮದುವೆ ಮಾಡುವುದು ಧರ್ಮವೂ ಅಲ್ಲ, ನ್ಯಾಯವೂ ಅಲ್ಲ. ಇಂಥ ರಾಜಿಯನ್ನೂ ಮದುವೆಯನ್ನೂ ಯಾವ ನ್ಯಾಯಾಲಯವೂ ಸೂಚಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೧ರ ಮಾರ್ಚಿಯಲ್ಲಿ ಕಟ್ಟಪ್ಪಣೆ ಮಾಡಿದೆ. ಕೋರ್ಟಿಗೇ ಇಲ್ಲದ ಅಧಿಕಾರವು ಊರ ಪಂಚರಿಗೆ ಎಲ್ಲಿಯದು?

ದಾಂಪತ್ಯದಲ್ಲಿಯೂ ಆಚಾರಕ್ಕೆ ಎಲ್ಲೆಯುಂಟು. ೨೦೦೫ರ ಕಾನೂನು ಮನೆಯೊಳಗಿನ ಲೈಂಗಿಕ ಹಿಂಸೆಯನ್ನೂ ಕೌಟುಂಬಿಕ ದೌರ್ಜನ್ಯವೆಂದೇ ಎಣಿಸುತ್ತದೆ. ಕಾನೂನು ಏನೇ ಹೇಳಲಿ, ಬಿಡಲಿ, ಹೆಂಡತಿಯೂ ಲಿಂಗಾಂಗಿಯೆಂದು ಅರಿತ ಗಂಡನಿಗೆ ಆಕೆಯ ಇಚ್ಛೆಯನ್ನು ಕೇಳುವುದು ಹೊಸ ಪಾಠವಾಗಲಾರದು. ಆ ಮನೆಯಲ್ಲಿ ಬೆಳೆದ ಮಗನಿಗೆ ಹೆಣ್ಣಿನ ‘ಒಲ್ಲೆ’ ಎಂಬ ಮಾತು ಅರ್ಥವಾಗುತ್ತದೆ. ಮಗಳಿಗೆ ಎಚ್ಚರ ಹೇಳುವುದರಲ್ಲಿ ಕಳೆದ ಹೊತ್ತಿನ ಅರ್ಧವನ್ನು ಮಗನಿಗೆ ಆಚಾರ ಹೇಳುವುದರಲ್ಲಿ ಕಳೆದರೆ, ಆ ಮನೆಯ ಶಿವಪೂಜೆಯು ಸಾರ್ಥಕವಾದೀತು.

ಮನನಕ್ಕೆ

೧. ‘ಮಾನಭಂಗ’, ‘ಅತ್ಯಾಚಾರ’ ಎಂಬ ಶಬ್ದಗಳಲ್ಲಿ ದೋಷವು ಯಾರ ಮೇಲೆ ನಿಲ್ಲುತ್ತದೆ? ಮನೆಯ ಮಾತಿನಲ್ಲಿ ಯಾವುದು ಬಳಕೆಯಲ್ಲಿದೆ?

೨. ಐದು ಸೂತಕಗಳನ್ನು ಅಲ್ಲಗಳೆದವರು ನೊಂದ ಹೆಣ್ಣನ್ನು ‘ಕೆಟ್ಟವಳು’ ಎಂದರೆ ಯಾವ ತತ್ತ್ವಕ್ಕೆ ಭಂಗ ಬರುತ್ತದೆ?

೩. ಮನೆಯ ಮಗಳು ಬಂದು ಇಂಥ ಸಂಗತಿಯನ್ನು ಹೇಳಿದರೆ ಮನೆಯ ಹಿರಿಯರ ಬಾಯಿಂದ ಬರತಕ್ಕ ಮೊದಲ ಮಾತು ಯಾವುದು? ಅದನ್ನು ಇಂದೇ ಒಮ್ಮೆ ಆಡಿ ನೋಡತಕ್ಕದ್ದು.

೪. ಮಗನಿಗೆ ಈ ವಿಷಯದಲ್ಲಿ ಇದುವರೆಗೆ ಏನನ್ನು ಹೇಳಲಾಗಿದೆ? ಏನೂ ಹೇಳಿಲ್ಲವಾದರೆ ಏಕೆ?